ಹೆಣಿಗೆಯಲ್ಲೇ ಡಿಸೈನ್ ಮಾಡೋಕೆ ಚಿತ್ರ ಬರಲೇಬೇಕಾ? (ಮೂರು ಪ್ರಾಜೆಕ್ಟ್ ಇದೆ, ನೋಡಿ ಹೇಳಿ)

ಉಲ್ಲನ್‌ಹುಡುಗಿ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದ್ಕೊಂಡು ಸುಮ್ನಿದ್ದೆ, ಇವತ್ತು ಧೈರ್ಯ ಮಾಡಿ ಬರೀತಿದೀನಿ. ನನಗೆ 17 ವರ್ಷ. ಚಿಕ್ಕವಳಿದ್ದಾಗಿಂದ ಹೆಣಿಗೆ ಬರುತ್ತೆ. ಮಫ್ಲರ್, ಟೋಪಿ, ಸಾಕ್ಸ್ ಎಲ್ಲ ಆಗಿ ಈಗ ಸ್ವೆಟರ್‌ಗೆ ಬಂದಿದೀನಿ. ಮುಂದೆ ಫ್ಯಾಷನ್ ಡಿಸೈನ್ ಓದ್ಬೇಕು ಅಂತ ಆಸೆ. ಅದಕ್ಕೆ ಪೋರ್ಟ್‌ಫೋಲಿಯೋ ಬೇಕಂತೆ, ಅಂದ್ರೆ ನಾವು ಮಾಡಿದ ಕೆಲಸ ಜೋಡಿಸಿಟ್ಟ ಪುಸ್ತಕ.

ತಲೆಯಲ್ಲಿ ಮೂರು ಪ್ರಾಜೆಕ್ಟ್ ಓಡ್ತಿದೆ. ಒಂದು, ಎದೆ ತುಂಬ ದೊಡ್ಡದಾಗಿ ಒಂದು ಹಕ್ಕಿ ಇರೋ ಸ್ವೆಟರ್. ಹಕ್ಕಿ ನಾನೇ ಬರೆದಿದ್ದು, ಚೌಕಳಿ ಹಾಳೆ ಮೇಲೆ ಚಾರ್ಟ್ ಕೂಡ ಮಾಡಿದೀನಿ. ಎರಡನೇದು, ಮನೆಯವರು ಹಾಕೋದು ಬಿಟ್ಟ ಹಳೇ ಸ್ವೆಟರ್‌ಗಳನ್ನ ಬಿಚ್ಚಿ ಅದೇ ದಾರದಲ್ಲಿ ಮಂಡಿವರೆಗಿನ ಕೋಟು. ಮೇಲೆ ಕಡು ಬಣ್ಣ, ಕೆಳಗೆ ಬರ್ತಾ ಬರ್ತಾ ತಿಳಿ ಆಗ್ಬೇಕು. ಮೂರನೇದು ಹೊಲಿಗೆಯೇ ಇಲ್ಲದ ಸ್ಕರ್ಟು. ಸೊಂಟದಲ್ಲಿ ಬಿಗಿ, ಕೆಳಗೆ ಒಳ್ಳೆ ಘೇರು.

ತೊಂದರೆ ಏನಂದ್ರೆ, ಯಾರಿಗೆ ತೋರ್ಸಿದ್ರೂ "ಇದು ಹವ್ಯಾಸ ಕಣೇ, ಡಿಸೈನ್ ಅಂದ್ರೆ ಸ್ಕೆಚ್" ಅಂತಾರೆ. ನನಗೆ ಮನುಷ್ಯರ ಚಿತ್ರ ಬರಲ್ಲ. ಕೈಬೆರಳು ಬರೆದ್ರೆ ಬಾಚಣಿಗೆ ಥರ ಕಾಣುತ್ತೆ. ಮೊದಲು ಚಿತ್ರ ಕಲೀಬೇಕಾ, ಅಥವಾ ಹೆಣೀತಾ ಹೋಗ್ಲಾ?

ಕಡ್ಡಿಜೋಡಿ
ಚಿತ್ರದ ವಿಷಯ ಬೇರೆಯವರು ಹೇಳ್ತಾರೆ ಪುಟ್ಟಿ. ನಾನು ಮೊದಲು ನಿನ್ನ ಹಕ್ಕಿ ಉಳಿಸ್ತೀನಿ. ಚೌಕಳಿ ಹಾಳೆ ಅಂದ್ಯಲ್ಲ, ಸಾಮಾನ್ಯ ಲೆಕ್ಕದ ಪುಸ್ತಕದ ಚೌಕ ತಾನೇ? ಹೆಣಿಗೆಯ ಸ್ಟಿಚ್ಚು ಚೌಕ ಅಲ್ಲ. ಅಗಲ ಜಾಸ್ತಿ, ಎತ್ತರ ಕಮ್ಮಿ.

ಡಿಕೆ ಅನ್ನೋ ಮಧ್ಯಮ ದಪ್ಪದ ದಾರ, 4 ಮಿ.ಮೀ. ಕಡ್ಡಿ ಅಂತಿಟ್ಕೋ. 10 ಸೆಂ.ಮೀ. ಅಗಲಕ್ಕೆ ಸುಮಾರು 22 ಸ್ಟಿಚ್, 10 ಸೆಂ.ಮೀ. ಎತ್ತರಕ್ಕೆ ಸುಮಾರು 30 ಸಾಲು ಬರುತ್ತೆ. ನೀನು 66 ಚೌಕ ಅಗಲ, 66 ಚೌಕ ಎತ್ತರ ಹಕ್ಕಿ ಬರೆದಿದ್ರೆ ಸ್ವೆಟರ್ ಮೇಲೆ ಅದು 30 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರ. ಯಾರೋ ತಲೆ ಮೇಲೆ ಕೂತ ಹಾಗೆ ಹಕ್ಕಿ ಕುಗ್ಗಿಹೋಗುತ್ತೆ. 30 ಸೆಂ.ಮೀ. ಎತ್ತರ ಬೇಕಂದ್ರೆ 90 ಸಾಲು ಬೇಕು. ಹಾಗಾಗಿ ಮೊದಲು ಒಂದು ತುಣುಕು ಹೆಣೆದು, ತೊಳೆದು, ಒಣಗಿಸಿ, ಅಳೆ. ಬಂದ ಅಳತೆಗೆ ತಕ್ಕ ಹಾಗೆ ಅಡ್ಡ ಉದ್ದ ಬೇರೆ ಬೇರೆ ಇರೋ ಗೆರೆ ಹಾಕಿ ಹಾಳೆ ಮಾಡ್ಕೋ, ಆಮೇಲೆ ಹಕ್ಕಿ ಬರಿ.

ಇನ್ನೊಂದು ಮಾತು. ಸ್ವೆಟರನ್ನ ರೌಂಡ್‌ನಲ್ಲಿ ಹೆಣೀತೀಯಾ, ಅಂದ್ರೆ ಕೊಳವೆ ಥರ ಸುತ್ತ ಸುತ್ತ, ಇಲ್ಲಾ ಹಿಂದೆ ಮುಂದೆ ಬೇರೆ ಬೇರೆನಾ?

ಉಲ್ಲನ್‌ಹುಡುಗಿ
ಅಯ್ಯೋ ಅಕ್ಕ, ಲೆಕ್ಕದ ಪುಸ್ತಕವೇ! ಸರ್ಕ್ಯುಲರ್ ಕಡ್ಡಿಯಲ್ಲಿ ರೌಂಡ್‌ನಲ್ಲೇ ಹೆಣೆಯೋದು, ಹೊಲಿಯೋಕೆ ನನಗೆ ಬೇಜಾರು.

ಕಡ್ಡಿಜೋಡಿ
ಹಾಗಾದ್ರೆ ಅಲ್ಲಿ ಸಿಕ್ಕಾಕೊಳ್ತೀಯ. ದೊಡ್ಡ ಒಂಟಿ ಚಿತ್ರಕ್ಕೆ ಇಂಟಾರ್ಶಿಯಾ ಮಾಡ್ತಾರೆ, ಅಂದ್ರೆ ಒಂದೊಂದು ಬಣ್ಣದ ಜಾಗಕ್ಕೆ ಒಂದೊಂದು ಬೇರೆ ಉಂಡೆ. ಹಿಂದಕ್ಕೆ ಮುಂದಕ್ಕೆ ತಿರುಗ್ಸಿ ಹೆಣೆಯುವಾಗ ಅದು ಸಲೀಸು. ರೌಂಡ್‌ನಲ್ಲಿ ಒಂದು ಸುತ್ತು ಮುಗಿಸಿ ಬಂದಾಗ ಹಕ್ಕಿಯ ಬಣ್ಣದ ದಾರ ಹಕ್ಕಿಯ ಆ ಕಡೆ ತುದಿಯಲ್ಲಿ ನೇತಾಡ್ತಿರುತ್ತೆ, ನಿನಗೆ ಬೇಕಾಗಿರೋದು ಈ ಕಡೆ. ಎರಡೂ ಬಣ್ಣ ಜೊತೆಗೇ ಒಯ್ದರೆ ಒಳಗಡೆ ಉದ್ದುದ್ದ ದಾರ ಜೋತು ಬೀಳುತ್ತೆ, ಹಾಕ್ಕೊಳ್ಳುವಾಗ ಬೆರಳು ಸಿಕ್ಕುತ್ತೆ.

ದಾರಿ ಎರಡಿದೆ. ಹಿಂದೆ ಮುಂದೆ ಬೇರೆ ಹೆಣೆದು ಹೊಲಿ. ಇಲ್ಲಾಂದ್ರೆ ಒಂದೇ ಬಣ್ಣದಲ್ಲಿ ಸ್ವೆಟರ್ ಮುಗಿಸಿ, ದಪ್ಪ ಸೂಜಿಯಲ್ಲಿ ಒಂದೊಂದೇ ಸ್ಟಿಚ್ಚಿನ ಜಾಡು ಹಿಡಿದು ಮೇಲೆ ಬಣ್ಣದ ದಾರ ಓಡಿಸು, ಡುಪ್ಲಿಕೇಟ್ ಸ್ಟಿಚ್ ಅಂತಾರಲ್ಲ ಅದು. ದೊಡ್ಡ ಚಿತ್ರಕ್ಕೆ ಮಾಡಿದ್ರೆ ಎದೆ ಭಾಗ ಸ್ವಲ್ಪ ದಪ್ಪ, ಬಿರುಸು ಆಗುತ್ತೆ. ರೆಕ್ಕೆ ಮಾತ್ರ ಇಂಟಾರ್ಶಿಯಾ, ಕಣ್ಣು ಕೊಕ್ಕು ಡುಪ್ಲಿಕೇಟ್ ಅಂತ ಬೆರೆಸಿದ್ರೆ ಚೆಂದ.

ಪ್ಯಾಟರ್ನ್‌ಕತ್ತರಿ
ಚಿತ್ರದ ಪ್ರಶ್ನೆಗೆ ಬರೋಣ. ನಾನು ಬಟ್ಟೆ ಕತ್ತರಿಸುವ ಕಡೆಯವನು, ಹೆಣಿಗೆಯವನಲ್ಲ. ಆದ್ದರಿಂದ ಸ್ವಲ್ಪ ಕಹಿ ಮಾತು: ಚಿತ್ರ ಬೇಕಮ್ಮ. ಸುಂದರ ಮುಖ, ಬೆರಳು ಬೇಡ. ಫ್ಯಾಷನ್ ಚಿತ್ರದಲ್ಲಿ ತಲೆಯ ಒಂಬತ್ತರಷ್ಟು ಎತ್ತರದ ಉದ್ದ ಆಕೃತಿ ಬರೆಯುವುದು ರೂಢಿ, ಅಂಥ ಮನುಷ್ಯರು ಎಲ್ಲೂ ಇಲ್ಲ. ನಿಜ ಅಳತೆಯ ಒಂದು ದೇಹದ ಹೊರಗೆರೆ ಮಾಡಿಟ್ಟುಕೊಂಡು ಅದರ ಮೇಲೆ ಟ್ರೇಸ್ ಮಾಡಿದರೂ ಸಾಕು. ಉಡುಪಿನ ಉದ್ದ ಎಲ್ಲಿಗೆ ನಿಲ್ಲುತ್ತೆ, ಹೆಗಲು ಎಲ್ಲಿ ಬೀಳುತ್ತೆ, ಕತ್ತು ಎಷ್ಟು ಅಗಲ ಅಂತ ಬೇರೆಯವರಿಗೆ ಗೊತ್ತಾಗಬೇಕು.

ಫ್ಯಾಷನ್ ಡಿಸೈನರ್ ಎಲ್ಸಾ ಸ್ಕಿಯಾಪರೆಲಿ ನೆನಪಿಸಿಕೊಳ್ಳಿ. 1927ರಲ್ಲಿ ಹೆಸರು ತಂದುಕೊಟ್ಟ ಆ ಕಪ್ಪು ಸ್ವೆಟರ್, ಕತ್ತಿನ ಹತ್ತಿರ ಬಿಳಿ ಬೋ ಕಟ್ಟಿದಂತೆ ಕಾಣುತ್ತಿತ್ತು. ನಿಜಕ್ಕೂ ಬೋ ಇರಲಿಲ್ಲ, ಹೆಣಿಗೆಯಲ್ಲೇ ಮೂಡಿದ ಚಿತ್ರ. ಆಕೆ ಅದನ್ನು ಹೆಣೆಯಲಿಲ್ಲ. ಬರೆದು ಕೊಟ್ಟರು, ಹೆಣೆದದ್ದು ಪ್ಯಾರಿಸ್‌ನಲ್ಲಿದ್ದ ಒಬ್ಬ ಆರ್ಮೇನಿಯನ್ ಹೆಂಗಸು.

ಕಡ್ಡಿಜೋಡಿ
ಸರ್, ನೀವು ಕೊಟ್ಟ ಉದಾಹರಣೆಯೇ ನನ್ನ ಕಡೆ ವಾಲುತ್ತೆ. ಸ್ಕಿಯಾಪರೆಲಿ ಆ ಹೆಂಗಸಿನ ಹತ್ರ ಹೋಗಿದ್ದೇ ಬೇರೊಬ್ಬರ ಮೈಮೇಲೆ ಆಕೆ ಹೆಣೆದ ಸ್ವೆಟರ್ ನೋಡಿ. ಉಳಿದ ಸ್ವೆಟರ್‌ಗಳ ಹಾಗೆ ಅದು ಜೋತು ಬೀಳ್ತಿರಲಿಲ್ಲ, ಆಕಾರ ಹಿಡ್ಕೊಂಡು ನಿಂತಿತ್ತು. ಕಾರಣ ಆಕೆಯ ಕೈಯ ತಂತ್ರ: ಎರಡನೇ ಬಣ್ಣದ ದಾರವನ್ನ ಹಿಂದೆ ಒಯ್ಯುತ್ತಾ ಕೆಲವು ಸ್ಟಿಚ್ಚಿಗೊಮ್ಮೆ ಸಿಕ್ಕಿಸ್ತಾ ಹೋಗೋದು. ಅದಕ್ಕೇ ಆ ಕಪ್ಪಿನಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆ ಇಣುಕೋದು. ಬೋ ಚಿತ್ರ ಇನ್ಯಾರಾದ್ರೂ ಬರೀಬಹುದಿತ್ತು, ಆ ಬಟ್ಟೆ ಬರ್ತಿರಲಿಲ್ಲ.

ಹೆಣಿಗೆಯಲ್ಲಿ ಬಟ್ಟೆ ಬೇರೆ, ಆಕಾರ ಬೇರೆ ಅಲ್ಲ. ನೀವು ಥಾನಿನಿಂದ ಬಟ್ಟೆ ತಂದು ಕತ್ತರಿಸ್ತೀರಿ. ನಾವು ಒಂದೊಂದು ಕುಣಿಕೆ ಹಾಕುವಾಗ ಬಟ್ಟೆಯೂ ಆಗ್ತಿರುತ್ತೆ, ಅದರ ಅಂಚೂ ಆಗ್ತಿರುತ್ತೆ. ಸ್ಕೆಚ್ ಮೊದಲು ಮಾಡಿ ಆಮೇಲೆ ಹೆಣಿ ಅಂದ್ರೆ ಹುಡುಗಿ ದಾರಕ್ಕೆ ಒಪ್ಪದ ಆಕಾರ ಬರೆದು ಕೂರ್ತಾಳೆ. ತುಣುಕು ಮೊದಲು, ಚಿತ್ರ ಆಮೇಲೆ.

ಪ್ಯಾಟರ್ನ್‌ಕತ್ತರಿ
ತುಣುಕು ಮೊದಲು ಅನ್ನೋದನ್ನ ಒಪ್ಪಿದೆ. ಆದರೆ ತುಣುಕು ತೋರಿಸಿದರೆ ನೋಡುವವರಿಗೆ ಉಡುಪು ಕಾಣೋದಿಲ್ಲ, ಅದನ್ನ ನೀವೂ ಒಪ್ಪಬೇಕು. ಪೋರ್ಟ್‌ಫೋಲಿಯೋ ನೋಡುವವರೆಲ್ಲ ಹೆಣೆಯುವವರಲ್ಲ.

ಸುಮ್ನೆ‌ಓದುಗ
ಇಬ್ಬರೂ ಜಗಳ ಮುಂದುವರಿಸಿ, ನಾನು ನೋಟ್ಸ್ ಮಾಡ್ಕೊಳ್ತಿದೀನಿ.

ಹಳೇನೂಲು
ಕೋಟಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ಹಳೇ ಸ್ವೆಟರ್ ಬಿಚ್ಚೋದು ನನ್ನ ಹುಚ್ಚು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಕತ್ತರಿ ಹಿಡಿಯೋ ಮೊದಲು ಸ್ವೆಟರನ್ನ ತಿರುಗಿಸಿ ಪಕ್ಕದ ಹೊಲಿಗೆ ನೋಡು. ಅಂಚುಗಳಲ್ಲಿ ಸರಪಳಿ ಥರ ನೀಟಾದ ಸ್ಟಿಚ್ ಇದ್ದು, ಎರಡು ಭಾಗವನ್ನ ಸೇರಿಸಿ ಹೊಲಿದಿದ್ರೆ ಒಳ್ಳೇದು. ಅದು ಆಕಾರಕ್ಕೆ ತಕ್ಕ ಹಾಗೆ ಹೆಣೆದದ್ದು, ಬಿಚ್ಚಿದ್ರೆ ಉದ್ದಕ್ಕೆ ಒಂದೇ ದಾರ ಬರುತ್ತೆ. ಅದರ ಬದಲು ಟೀ ಶರ್ಟಿನ ಒಳಗೆ ಇರೋ ಹಾಗೆ ಓವರ್‌ಲಾಕ್ ಹೊಲಿಗೆ ಇದ್ರೆ ಬಿಚ್ಚೋಕೆ ಹೋಗ್ಬೇಡ. ಅದು ಹೆಣೆದ ಬಟ್ಟೆಯನ್ನ ಕತ್ತರಿಸಿ ಹೊಲಿದದ್ದು. ಪ್ರತಿ ಸಾಲಿನ ತುದಿಯಲ್ಲೂ ದಾರ ತುಂಡಾಗಿರುತ್ತೆ, ನಿನ್ನ ಕೈಗೆ ಬರೋದು ಮೊಳದುದ್ದದ ಚೂರುಗಳು.

ಬಿಚ್ಚುವಾಗ ಪಕ್ಕದ ಹೊಲಿಗೆ, ತೋಳು, ಕತ್ತಿನ ಪಟ್ಟಿ ಎಲ್ಲ ಬೇರೆ ಮಾಡಿ, ಒಂದೊಂದು ಭಾಗವನ್ನ ಹೆಣಿಗೆ ಮುಗಿದ ತುದಿಯಿಂದ ಎಳಿ. ಶುರುವಾದ ತುದಿಯಿಂದ ಎಳೆದ್ರೆ ಸಲೀಸಾಗಿ ಬರಲ್ಲ, ಸಾಲು ಸಾಲಿಗೂ ಗಂಟು ಸಿಗುತ್ತೆ. ಬಂದ ದಾರ ನೂಡಲ್ಸ್ ಥರ ಸುರುಳಿ ಸುರುಳಿ ಇರುತ್ತೆ. ಹಾಗೇ ಉಂಡೆ ಮಾಡಿ ಹೆಣೆದ್ರೆ ಹೊಸ ಸ್ಟಿಚ್ಚೆಲ್ಲ ಸೊಟ್ಟ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡು, ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟು, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ ಹಿಂಡದೆ ನೇತು ಹಾಕು. ಒಣಗೋ ಹೊತ್ತಿಗೆ ಸುರುಳಿ ಬಹುಪಾಲು ಹೋಗಿರುತ್ತೆ. ನೀರಲ್ಲಿ ಉಜ್ಜಬೇಡ, ಒಮ್ಮೆಗೇ ಬಿಸಿಯಿಂದ ತಣ್ಣಗೆ ಹಾಕಬೇಡ. ನಿಜವಾದ ಕುರಿ ಉಣ್ಣೆ ಆದ್ರೆ ಎಳೆಗಳ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಕಂಬಳಿ ಥರ ಗಟ್ಟಿ ಆಗಿಬಿಡುತ್ತೆ.

ಯಾವ ದಾರ ಅಂತ ಗೊತ್ತಿಲ್ದಿದ್ರೆ ಒಂದು ಚಿಕ್ಕ ತುಂಡು ಸುಟ್ಟು ನೋಡ್ತಾರೆ. ದೊಡ್ಡವರನ್ನ ಪಕ್ಕದಲ್ಲಿಟ್ಕೊಂಡು, ನೀರಿನ ಬಟ್ಟಲು ಹತ್ರ ಇಟ್ಕೊಂಡು, ಇಕ್ಕಳದಲ್ಲಿ ಹಿಡಿದು ಮಾಡು. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗುತ್ತೆ. ಹತ್ತಿ ಕಾಗದ ಸುಟ್ಟ ವಾಸನೆ. ಇದು ಯಾಕೆ ಮುಖ್ಯ ಅಂದ್ರೆ, ಒಂದೇ ಕೋಟಿನಲ್ಲಿ ಇವೆಲ್ಲ ಬೆರೆತ್ರೆ ಮೊದಲ ಸಲ ಒಗೆದಾಗಲೇ ಒಂದು ಪಟ್ಟೆ ಮುದುಡುತ್ತೆ, ಪಕ್ಕದ್ದು ಹಿಗ್ಗುತ್ತೆ.

ಉಲ್ಲನ್‌ಹುಡುಗಿ
ಈಗಷ್ಟೇ ಎಲ್ಲ ಸ್ವೆಟರ್ ತಿರುಗಿಸಿ ನೋಡ್ದೆ. ಎರಡು ಓವರ್‌ಲಾಕ್, ಉಳಿದವು ಸರಿ ಇವೆ. ಕಡುವಿನಿಂದ ತಿಳಿಗೆ ಹೋಗೋದು ಹೇಗೆ? ನನ್ನ ಹತ್ರ ಇರೋದು ಕಡು ನೀಲಿ, ಬೂದು, ಮಾಸಲು ಬಿಳಿ, ಒಂದು ಕೆಂಪು. ಪಟ್ಟೆ ಪಟ್ಟೆ ಕಾಣ್ಬಾರ್ದು.

ಹಳೇನೂಲು
ದಾರ ತೆಳು ಇದ್ರೆ ಎರಡೆಳೆ ಜೋಡಿಸಿ ಹೆಣಿ. ಮೊದಲು ನೀಲಿ ನೀಲಿ, ಆಮೇಲೆ ನೀಲಿ ಬೂದು, ಆಮೇಲೆ ಬೂದು ಬೂದು, ಬೂದು ಬಿಳಿ, ಕೊನೆಗೆ ಬಿಳಿ ಬಿಳಿ. ಮೂರು ಬಣ್ಣದಲ್ಲೇ ಐದು ಮೆಟ್ಟಿಲು ಸಿಗುತ್ತೆ, ಬೆರಕೆ ಜಾಗದಲ್ಲಿ ಎಳ್ಳು ಉದುರಿಸಿದ ಹಾಗೆ ಚುಕ್ಕೆ ಚುಕ್ಕೆ ಬರುತ್ತೆ, ಗಡಿ ಕಾಣಲ್ಲ.

ಕೆಂಪನ್ನ ಎಲ್ಲಿ ಹಾಕೋದು ಅಂತ ಕಣ್ಣಳತೆಯಲ್ಲಿ ನಿರ್ಧಾರ ಮಾಡ್ಬೇಡ. ಉಂಡೆಗಳನ್ನ ಸಾಲಾಗಿ ಇಟ್ಟು ಫೋನಲ್ಲಿ ಕಪ್ಪು ಬಿಳುಪು ಫೋಟೋ ತೆಗಿ. ಬಣ್ಣ ಹೋಗಿ ಕಡು ತಿಳಿ ಮಾತ್ರ ಉಳಿಯುತ್ತೆ. ಕಣ್ಣಿಗೆ ಉರಿಯೋ ಕೆಂಪು ಅದರಲ್ಲಿ ಬೂದು ಬಣ್ಣದಷ್ಟೇ ಕಡು ಕಾಣ್ಸಿದ್ರೂ ಆಶ್ಚರ್ಯ ಇಲ್ಲ. ಹಾಗೆ ಕಂಡ್ರೆ ಅದರ ಜಾಗ ಮಧ್ಯದಲ್ಲಿ.

ಇನ್ನು ಕೋಟಿನ ಮುಂಭಾಗ. ರೌಂಡ್‌ನಲ್ಲೇ ಕೊಳವೆ ಥರ ಹೆಣೆದು ಕೊನೆಗೆ ಎದೆ ಮಧ್ಯ ಕತ್ತರಿಯಲ್ಲಿ ಸೀಳಬಹುದು. ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ (ಸ್ಕಾಟ್ಲೆಂಡ್) ಬಣ್ಣದ ಹೆಣಿಗೆಯ, ಮುಂದೆ ತೆರೆಯೋ ಕಾರ್ಡಿಗನ್‌ಗಳನ್ನ ಹಾಗೇ ಮಾಡ್ತಾ ಬಂದಿದಾರೆ. ಸ್ಟೀಕ್ ಅಂತಾರೆ.

ಸುಮ್ನೆ‌ಓದುಗ
ಕತ್ತರಿಯಲ್ಲಿ?! ಹೆಣೆದದ್ದನ್ನ?!

ಹಳೇನೂಲು
ಹೌದು ಸ್ವಾಮಿ. ದಾರ ಬಿಚ್ಚಿಕೊಳ್ಳೋದು ಮೇಲಿಂದ ಕೆಳಗೆ, ಅಡ್ಡಕ್ಕೆ ಅಷ್ಟು ಬೇಗ ಓಡಲ್ಲ. ಅಲ್ಲಿನ ಉಣ್ಣೆ ಬೇರೆ ಜುಂಜು, ಒಂದಕ್ಕೊಂದು ಅಂಟಿಕೊಂಡೇ ಇರುತ್ತೆ. ನಮ್ಮ ಹುಡುಗಿಯ ದಾರದಲ್ಲಿ ಅಕ್ರಿಲಿಕ್ ಇದ್ರೆ, ಅಥವಾ ಮೆಷಿನ್‌ವಾಶ್‌ಗೆ ಅಂತ ನುಣುಪು ಮಾಡಿದ ಉಣ್ಣೆ ಆದ್ರೆ, ಕತ್ತರಿ ಹಾಕೋ ಗೆರೆಯ ಎರಡೂ ಕಡೆ ಮೊದಲು ಹೊಲಿಗೆ ಮೆಷಿನ್‌ನಲ್ಲಿ ಗಟ್ಟಿಯಾಗಿ ಓಡಿಸಲೇಬೇಕು. ಇಲ್ಲಾಂದ್ರೆ ಜಾರುತ್ತೆ. ಎರಡೆಳೆ ಜೋಡಿಸಿದ ದಾರಕ್ಕಂತೂ ನಾನು ಇದನ್ನ ಹೇಳಲ್ಲ, ಅಂಚು ತುಂಬ ದಪ್ಪ ಆಗುತ್ತೆ. ತಿರುಗಿಸಿ ತಿರುಗಿಸಿ ಹೆಣಿ, ಸುಲಭ.

ಲೆಕ್ಕಾಚಾರಿ
ಬೇಜಾರು ಮಾಡ್ಕೋಬೇಡಿ, ಒಂದು ಒರಟು ಪ್ರಶ್ನೆ. ಇದರಿಂದ ಹೊಟ್ಟೆ ತುಂಬುತ್ತಾ? ಒಂದು ಸ್ವೆಟರ್ ಹೆಣೆಯೋಕೆ ಎಷ್ಟು ದಿನ ಬೇಕು, ಯಂತ್ರ ಎಷ್ಟು ಹೊತ್ತಲ್ಲಿ ಮಾಡುತ್ತೆ? ಹುಡುಗಿಗೆ ಸುಮ್ನೆ ಆಸೆ ಹುಟ್ಟಿಸ್ತಿದೀರಿ ಅನ್ನಿಸ್ತಿದೆ.

ಮೆಷಿನ್‌ಮಾಮ
ಒರಟಾದ್ರೂ ಕೇಳ್ಬೇಕಾದ ಪ್ರಶ್ನೆಯೇ. ಕೈಯಲ್ಲಿ ಹೆಣೆದು ಮಾರಿ ಬದುಕೋದು ಕಷ್ಟ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದ್ರೆ ಹೆಣಿಗೆ ಅಂದ್ರೆ ಸ್ವೆಟರ್ ಮಾತ್ರ ಅಂದ್ಕೊಂಡಿದೀರಿ. ನೀವು ಈಗ ಹಾಕ್ಕೊಂಡಿರೋ ಟೀ ಶರ್ಟು ಹೆಣಿಗೆ. ಬನಿಯನ್ ಹೆಣಿಗೆ, ಸಾಕ್ಸ್ ಹೆಣಿಗೆ. ಭೂತಗನ್ನಡಿ ಇಟ್ಟು ನೋಡಿ, ಅವೇ ಕುಣಿಕೆಗಳು. 2012ರಲ್ಲಿ ನೈಕಿ ಫ್ಲೈನಿಟ್ ತಂದಮೇಲೆ ಓಡೋ ಶೂಗಳ ಮೇಲ್ಭಾಗವೂ ಹೆಣಿಗೆಗೆ ತಿರುಗಿತು. ಇಂಗ್ಲೆಂಡಿನಲ್ಲಿ ವಿಲಿಯಂ ಲೀ ಕಾಲುಚೀಲ ಹೆಣೆಯೋ ಚೌಕಟ್ಟು ಮಾಡಿದ್ದು 1589ರಲ್ಲಿ. ಆವತ್ತಿಂದ ಯಂತ್ರ ಇದೆ, ಆ ಯಂತ್ರಕ್ಕೆ ಏನು ಹೆಣೀಬೇಕು ಅಂತ ಹೇಳೋ ಮನುಷ್ಯರೂ ಬೇಕಾಗೇ ಇದಾರೆ. ಕುಣಿಕೆ ಹೇಗೆ ವರ್ತಿಸುತ್ತೆ ಅಂತ ಬೆರಳಿಗೆ ಗೊತ್ತಿರೋರು ಆ ಕೆಲಸಕ್ಕೆ ಹೋದ್ರೆ ಬೇರೆಯವರಿಗಿಂತ ನಾಲ್ಕು ಹೆಜ್ಜೆ ಮುಂದಿರ್ತಾರೆ.

ಈಗ ಸ್ಕರ್ಟ್. ಇದೇ ಮೂರರಲ್ಲಿ ನನಗೆ ಇಷ್ಟವಾದದ್ದು. ಹೊಲಿಗೆ ಇಲ್ಲದ ಉಡುಪನ್ನ ಇಡಿಯಾಗಿ ಹೆಣೆಯೋ ಹೋಲ್‌ಗಾರ್ಮೆಂಟ್ ಯಂತ್ರವನ್ನ ಜಪಾನಿನ ಶೀಮಾ ಸೇಕಿ ಕಂಪನಿ ಹೊರತಂದದ್ದು 1995ರಲ್ಲಿ. ಕೈಗವಸು ಹೆಣೆಯೋ ಯಂತ್ರದಿಂದ ಶುರುವಾದ ಕಂಪನಿ ಅದು. ಯೋಚ್ನೆ ಮಾಡಿ, ಕೈಗವಸಿನ ಬೆರಳು, ಅಂಗೈ ಅಂದ್ರೆ ಬೇರೆ ಬೇರೆ ಕೊಳವೆಗಳನ್ನ ಒಂದಕ್ಕೊಂದು ಸೇರಿಸೋದು ತಾನೇ? ಎರಡು ತೋಳು ಒಂದು ಮೈ ಕೂಡ ಅದೇ. ಅದೇ ದಶಕದ ಕೊನೆಗೆ ಡಿಸೈನರ್‌ಗಳಾದ ಇಸ್ಸೆ ಮಿಯಾಕೆ ಮತ್ತು ದಾಯ್ ಫುಜಿವಾರಾ ಎ-ಪಾಕ್ ಅಂತ ಮಾಡಿದ್ರು. ಕಂಪ್ಯೂಟರ್ ಯಂತ್ರ ಉದ್ದಾನುದ್ದ ಕೊಳವೆ ಹೆಣೆದು ಕೊಡುತ್ತೆ, ಅದರೊಳಗೇ ಉಡುಪಿನ ಗೆರೆ ಇರುತ್ತೆ, ಹಾಕ್ಕೊಳ್ಳೋರೇ ಕತ್ತರಿಸ್ಕೋಬೇಕು. ಈ ಹುಡುಗಿ ಸರ್ಕ್ಯುಲರ್ ಕಡ್ಡಿಯಲ್ಲಿ ಮಾಡೋಕೆ ಹೊರಟಿರೋದೂ ಅದೇ ಕುಲದ್ದು.

ಉಲ್ಲನ್‌ಹುಡುಗಿ
ಮಾಮ, ಲೆಕ್ಕ ಹೇಳ್ಕೊಡಿ! ಸೊಂಟ 70 ಸೆಂ.ಮೀ., ಕೆಳಗಿನ ಸುತ್ತು ಅದರ ಎರಡರಷ್ಟು ಬೇಕು, ಉದ್ದ 60. ನನ್ನ ತುಣುಕಿನಲ್ಲೂ 22 ಸ್ಟಿಚ್, 30 ಸಾಲೇ ಬಂತು.

ಮೆಷಿನ್‌ಮಾಮ
70ಕ್ಕೆ 154 ಸ್ಟಿಚ್. ಕೆಳಗೆ 140ಕ್ಕೆ 308. ಅಂದ್ರೆ 154 ಹೆಚ್ಚಿಸ್ಬೇಕು. ಸುತ್ತನ್ನ 7 ಭಾಗ ಮಾಡು, ಒಂದೊಂದರಲ್ಲಿ 22 ಸ್ಟಿಚ್. ಹೆಚ್ಚಿಸೋ ಸುತ್ತಿನಲ್ಲಿ ಭಾಗಕ್ಕೆ ಒಂದರಂತೆ 7 ಸೇರುತ್ತೆ, ಹಾಗಾಗಿ ಅಂಥ ಸುತ್ತು 22 ಬೇಕು. 60 ಸೆಂ.ಮೀ. ಅಂದ್ರೆ 180 ಸುತ್ತು. ಎಂಟು ಸುತ್ತಿಗೊಮ್ಮೆ ಹೆಚ್ಚಿಸಿದ್ರೆ 176ಕ್ಕೆ ಮುಗಿಯುತ್ತೆ, ಉಳಿದ ನಾಲ್ಕು ಅಂಚಿಗೆ.

ಆದ್ರೆ ಇದನ್ನ ಹಾಗೇ ಮಾಡಿದ್ರೆ ಏಳು ಗೆರೆ ಎದ್ದು ಕಾಣೋ ಕೊಡೆ ಥರ ಸ್ಕರ್ಟು. ಬೇಕಂದ್ರೆ ಸರಿ. ನಾನಾದ್ರೆ ರಿಬ್‌ನಲ್ಲಿ ಬಚ್ಚಿಡ್ತೀನಿ, ಅಂದ್ರೆ ಉಬ್ಬಿದ ನಿಟ್ ಸ್ಟಿಚ್ಚು, ತಗ್ಗಿದ ಪರ್ಲ್ ಸ್ಟಿಚ್ಚು ಪಟ್ಟಿ ಪಟ್ಟಿಯಾಗಿ ಬರೋ ಹೆಣಿಗೆಯಲ್ಲಿ. ಸೊಂಟದಲ್ಲಿ ಎರಡು ನಿಟ್ ಒಂದು ಪರ್ಲ್, ಸ್ವಲ್ಪ ಕೆಳಗೆ ಎರಡು ನಿಟ್ ಎರಡು ಪರ್ಲ್, ಆಮೇಲೆ ಪರ್ಲ್ ಮೂರು, ನಾಲ್ಕು. ನಿಟ್ ಏಣು ಮೇಲಿಂದ ಕೆಳಗೆ ನೇರ ಇಳಿಯುತ್ತೆ, ಹೆಚ್ಚಿಸಿದ್ದೆಲ್ಲ ಪರ್ಲ್ ಕಣಿವೆ ಒಳಗೆ. ನಿಂತಾಗ ಮಡಿಕೆ, ನಡೆದಾಗ ಬಿಚ್ಚುತ್ತೆ. ರಿಬ್ ಒಳಕ್ಕೆ ಸೆಳೆಯೋದ್ರಿಂದ ಮೇಲಿನ ಲೆಕ್ಕ ಇದಕ್ಕೆ ಹೊಂದಲ್ಲ, ರಿಬ್‌ನಲ್ಲೇ ಬೇರೆ ತುಣುಕು ಹೆಣೆದು ಅಳೀಬೇಕು.

ಇನ್ನೊಂದು, ಸ್ಕರ್ಟು ತನ್ನ ಭಾರಕ್ಕೆ ತಾನೇ ಉದ್ದ ಆಗುತ್ತೆ. ಹತ್ತಿ ದಾರ ಆದ್ರಂತೂ ಕೇಳ್ಬೇಡ. ಹೆಣೆದು ತೊಳೆದ ತುಣುಕನ್ನ ಕ್ಲಿಪ್ ಹಾಕಿ ನೇತುಬಿಟ್ಟು, ಕೆಳಗೆ ಸ್ವಲ್ಪ ಭಾರ ಕಟ್ಟಿ ಒಂದು ರಾತ್ರಿ ಬಿಡು. ಬೆಳಗ್ಗೆ ಎಷ್ಟು ಇಳಿದಿದೆಯೋ ಅಳೆದು, ಆ ಲೆಕ್ಕಕ್ಕೆ ಸಾಲು ಕಮ್ಮಿ ಮಾಡು.

ಕಡ್ಡಿಜೋಡಿ
ಮಾಮನ ಮಾತಿಗೆ ಒಂದು ಬಾಲಂಗೋಚಿ. ಅಕ್ರಿಲಿಕ್ ಸ್ಕರ್ಟಿಗೆ ಇಸ್ತ್ರಿ ಪೆಟ್ಟಿಗೆಯ ಹಬೆ ತಗುಲಿಸ್ಬೇಡ ಅಂತ ಎಲ್ರೂ ಹೇಳ್ತಾರೆ, ದಾರ ಜೀವ ಕಳ್ಕೊಂಡು ಜೋತು ಬೀಳುತ್ತೆ, ಮತ್ತೆ ಮೊದಲಿನ ಹಾಗೆ ಆಗಲ್ಲ. ಕೆಲವರು ಆ ಜೋತು ಬೀಳೋದೇ ಬೇಕು ಅಂತ ಬೇಕಂತಲೇ ಮಾಡ್ತಾರೆ. ಮೊದಲು ತುಣುಕಿನ ಮೇಲೆ ಮಾಡಿ ನೋಡು. ಸೊಂಟಕ್ಕೆ ಮಾತ್ರ ಖಂಡಿತ ಬೇಡ.

ಉಲ್ಲನ್‌ಹುಡುಗಿ
ಕೇಳೋಕೆ ನಾಚಿಕೆ, ಆದ್ರೂ ಕೇಳ್ತೀನಿ. ಹಕ್ಕಿ ಸ್ವೆಟರಿನ ಮೈ, ತೋಳು ಎಲ್ಲ ಬೇರೊಬ್ಬರ ಪ್ಯಾಟರ್ನ್ (ಹೆಣೆಯೋ ವಿಧಾನ ಬರೆದದ್ದು) ನೋಡ್ಕೊಂಡು ಮಾಡೋದು ಅಂತಿದ್ದೆ. ಹಕ್ಕಿ ಮಾತ್ರ ನಂದು. ಅದನ್ನ ನನ್ನ ಡಿಸೈನ್ ಅಂತ ಹೇಳ್ಬಹುದಾ?

ಪ್ಯಾಟರ್ನ್‌ಕತ್ತರಿ
ನಾಚಿಕೆ ಯಾಕೆ. ಪ್ಯಾಟರ್ನ್ ಯಾರದ್ದು ಅಂತ ಪಕ್ಕದಲ್ಲೇ ಬರೆಯಿರಿ, ಹಕ್ಕಿ ನಿಮ್ಮದು ಅಂತಲೂ ಬರೆಯಿರಿ. ಬಚ್ಚಿಟ್ಟರೆ ಮಾತ್ರ ಕೆಟ್ಟದಾಗಿ ಕಾಣುತ್ತೆ. ಇನ್ನೊಬ್ಬರ ಬರಹವನ್ನ, ಚಾರ್ಟನ್ನ ಹಾಗೇ ನಕಲು ಮಾಡಿ ಹಂಚುವುದು ಬೇರೆ ಮಾತು, ಅದು ತಪ್ಪು.

2020ರಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ಒಂದು ಟಿವಿ ಕಾರ್ಯಕ್ರಮದ ತಾಲೀಮಿಗೆ ಡಿಸೈನರ್ ಜೆ.ಡಬ್ಲ್ಯು. ಆಂಡರ್ಸನ್ ಅವರ ತೇಪೆ ತೇಪೆ ಕಾರ್ಡಿಗನ್ ಹಾಕಿಕೊಂಡು ಬಂದಿದ್ದರು. ಹುಡುಗ ಹುಡುಗಿಯರೆಲ್ಲ ಫೋಟೋ ನೋಡಿಕೊಂಡೇ ಹೆಣೆದು ಟಿಕ್‌ಟಾಕ್‌ನಲ್ಲಿ ಹಾಕತೊಡಗಿದರು. ಡಿಸೈನರ್ ಕೋಪ ಮಾಡಿಕೊಳ್ಳಲಿಲ್ಲ, ಪ್ಯಾಟರ್ನನ್ನೇ ಉಚಿತವಾಗಿ ಬಿಟ್ಟರು. ಅದೇ ವರ್ಷ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಕಾರ್ಡಿಗನ್ ತೆಗೆದಿಟ್ಟುಕೊಂಡಿತು. ಅಲ್ಲಿ ಹೆಣೆದವರು ಕಲಿತರು, ಡಿಸೈನ್ ಆಂಡರ್ಸನ್ ಅವರದ್ದಾಗಿಯೇ ಉಳಿಯಿತು. ಎರಡಕ್ಕೂ ಜಾಗ ಇದೆ.

ಕಡ್ಡಿಜೋಡಿ
ಪ್ಯಾಟರ್ನ್ ಬೇಡ ಅನ್ನಿಸಿದ್ರೆ ಬಿಟ್ಟೇಬಿಡು ಪುಟ್ಟಿ. ಹೆಣಿಗೆ ಕಲಿಸ್ತಿದ್ದ ಎಲಿಜಬೆತ್ ಜಿಮ್ಮರ್‌ಮನ್ ಹಾಕ್ಕೊಟ್ಟ ಶೇಕಡಾ ಲೆಕ್ಕ ಇದೆ, ಅದರಲ್ಲಿ ಯಾರ ಮೈಗೆ ಬೇಕಾದ್ರೂ ಸ್ವೆಟರ್ ಆಗುತ್ತೆ. ಎದೆ ಸುತ್ತಳತೆ 92 ಅನ್ನು, ಸಡಿಲಕ್ಕೆ 8 ಸೇರಿಸಿ 100 ಸೆಂ.ಮೀ. ನಿನ್ನ 22ರ ಲೆಕ್ಕದಲ್ಲಿ 220 ಸ್ಟಿಚ್. ಅದೇ ನೂರು ಪಾಲು. ಮಣಿಕಟ್ಟಿಗೆ ಅದರ ಶೇಕಡಾ 20, ಅಂದ್ರೆ 44. ತೋಳಿನ ಮೇಲ್ಭಾಗ ಶೇಕಡಾ 33, ಸುಮಾರು 73. ಕಂಕುಳಲ್ಲಿ ಬಿಡೋದು ಶೇಕಡಾ 8, ಸುಮಾರು 18. ಕತ್ತು ಶೇಕಡಾ 40, ಅಂದ್ರೆ 88. ನಿನ್ನ ಮೈಗೆ ತೋಳು ಬಿಗಿ ಅನ್ನಿಸಿದ್ರೆ 33 ಅನ್ನ 35 ಮಾಡ್ಕೋ. ಕತ್ತಿನ ಹಿಂಭಾಗದಲ್ಲಿ ಮಾತ್ರ ಒಂದೆರಡು ಕಡೆ ಅರ್ಧ ಸಾಲು ಹೆಣೆದು ತಿರುಗಿಸು. ಹಿಂದೆ ಸ್ವಲ್ಪ ಎತ್ತರ ಆಗುತ್ತೆ, ಇಲ್ಲಾಂದ್ರೆ ಸ್ವೆಟರ್ ಗಂಟಲನ್ನ ಒತ್ತುತ್ತೆ. ಈಗ ಹಕ್ಕಿಯೂ ನಿಂದು, ಅದು ಕೂರೋ ಕೊಂಬೆಯೂ ನಿಂದು.

ಲೆಕ್ಕಾಚಾರಿ
ಇಷ್ಟು ಲೆಕ್ಕ ಇರುತ್ತೆ ಅಂತ ಗೊತ್ತಿದ್ರೆ ನಾನೂ ಹೆಣಿಗೆಗೇ ಬರ್ತಿದ್ದೆ.

ಮೆಷಿನ್‌ಮಾಮ
ಈಗಲೂ ಬನ್ನಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಡೈವರ್ ಟಾಮ್ ಡೇಲಿ ಪ್ರೇಕ್ಷಕರ ಸಾಲಲ್ಲಿ ಕೂತು ಹೆಣೀತಿದ್ದ ಫೋಟೋ ನೀವೂ ನೋಡಿರ್ತೀರಿ. ನಿಮಗೆ ಪದಕ ಕೂಡ ಬೇಡ, ಕಡ್ಡಿ ಸಾಕು.

ಹಳೇನೂಲು
ಪೋರ್ಟ್‌ಫೋಲಿಯೋದಲ್ಲಿ ತುಣುಕುಗಳನ್ನ ಎಸೀಬೇಡ. ಒಂದೊಂದಕ್ಕೂ ಚೀಟಿ ಕಟ್ಟು: ದಾರ ಯಾವುದು, ಕಡ್ಡಿ ಎಷ್ಟು, ತೊಳೆಯೋ ಮುಂಚೆ ಅಳತೆ, ತೊಳೆದ ಮೇಲೆ ಅಳತೆ, ಇದನ್ನ ಯಾಕೆ ಬಿಟ್ಟೆ ಅಂತ ಒಂದು ಸಾಲು. ಬೇಡ ಅಂತ ಬಿಟ್ಟದ್ದೇ ಜಾಸ್ತಿ ಮಾತಾಡುತ್ತೆ. ಫೋಟೋ ತೆಗೆಯುವಾಗ ಒಳಗಡೆಯದ್ದೂ ತೆಗಿ. ಹೆಣಿಗೆ ಗೊತ್ತಿರೋರು ಮೊದಲು ತಿರುಗಿಸಿ ನೋಡೋದೇ ಒಳಗಡೆ.

ಪ್ಯಾಟರ್ನ್‌ಕತ್ತರಿ
ಅದರ ಎದುರಿನ ಪುಟದಲ್ಲಿ ದೇಹದ ಹೊರಗೆರೆ ಮೇಲೆ ಉಡುಪಿನ ಚಿತ್ರ. ತುಣುಕು ಎಡಕ್ಕೆ, ಚಿತ್ರ ಬಲಕ್ಕೆ. ಕಡ್ಡಿಜೋಡಿಯವರಿಗೂ ನನಗೂ ಇಷ್ಟರಲ್ಲಿ ಸಂಧಾನ. ಮೂರೂ ಒಟ್ಟಿಗೆ ಹಿಡಿಯಬೇಡಿ, ಒಂದನ್ನ ಪೂರ್ತಿ ಮುಗಿಸಿ. ಅರ್ಧ ಆದ ಮೂರಕ್ಕಿಂತ ಅದು ಲೇಸು.

ಉಲ್ಲನ್‌ಹುಡುಗಿ
ತೀರ್ಮಾನ ಆಯ್ತು, ಮೊದಲು ಸ್ಕರ್ಟು. ರಿಬ್ ತುಣುಕು ನೇತು ಹಾಕಿದ್ದೆ: ಅಕ್ರಿಲಿಕ್‌ದು ಸ್ವಲ್ಪವೇ ಇಳಿದಿದೆ, ಹತ್ತಿದು ನೋಡಿದ್ರೆ ನಗು ಬರುತ್ತೆ, ಅಷ್ಟು ಉದ್ದ. ಬೂದು ಬಣ್ಣದ ಉಣ್ಣೆ ಹೆಚ್ಚುಕಮ್ಮಿ ಇದ್ದ ಹಾಗೇ ಇದೆ, ಆದ್ರೆ ಕೋಟಿಗೆ ಇಟ್ಟ ದಾರ ಅದು. ಕೋಟು ಕಾಯ್ಲಿ ಬಿಡಿ. ಹಕ್ಕಿಗೆ ಹೊಸ ಹಾಳೆ ಗೆರೆ ಹಾಕಿ ಇಟ್ಟಿದೀನಿ, ಕೊಕ್ಕು ಈಗ ನಿಜವಾದ ಕೊಕ್ಕಿನ ಥರ ಇದೆ.

ಒಂದೇ ಪ್ರಶ್ನೆ ಉಳೀತು: ಸೊಂಟ ನಿಲ್ಲೋಕೆ ರಿಬ್ ಒಂದೇ ಸಾಕಾ, ಎಲಾಸ್ಟಿಕ್ ಬೇಕಾ?

ಮೆಷಿನ್‌ಮಾಮ
ಬೇಕು. ಸ್ಕರ್ಟಿನ ಭಾರ ರಿಬ್ ತಡೆಯಲ್ಲ. ಸೊಂಟದ ಪಟ್ಟಿಯನ್ನ ಎರಡರಷ್ಟು ಎತ್ತರ ಹೆಣೆದು ಒಳಕ್ಕೆ ಮಡಚಿ, ಸಡಿಲವಾಗಿ ಕೈಹೊಲಿಗೆ ಹಾಕು, ಎಲಾಸ್ಟಿಕ್ ಹೋಗೋಷ್ಟು ಬಾಯಿ ಬಿಡು. ಮಡಿಕೆ ಬರೋ ಜಾಗದಲ್ಲಿ ಒಂದು ಸುತ್ತು ಪರ್ಲ್ ಹಾಕಿದ್ರೆ ಗೆರೆ ಎಳೆದ ಹಾಗೆ ಮಡಚುತ್ತೆ.